ಬಿಪಿ ಇದ್ದವರಿಗೆ ‘ವಾಕಿಂಗ್ ಮಾಡಿ’ ಎಂದರೆ ಸಾಕೇ?

ಬಿಪಿ ಇದೆ ಎಂದು ಗೊತ್ತಾದ ದಿನ ಕ್ಲಿನಿಕ್ಕಿನಿಂದ ಹೊರಬರುವವರ ಕೈಯಲ್ಲೊಂದು ಚೀಟಿ ಇರುತ್ತದೆ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಬೆಳಿಗ್ಗೆಯೋ ರಾತ್ರಿಯೋ, ಊಟಕ್ಕೆ ಮುಂಚೆಯೋ ಆಮೇಲೋ ಎಲ್ಲವೂ ಅದರಲ್ಲಿ ಬರೆದಿರುತ್ತದೆ. ವ್ಯಾಯಾಮದ ವಿಷಯ ಮಾತ್ರ ಬಾಯಿಮಾತಿನಲ್ಲಿ ಮುಗಿಯುತ್ತದೆ: ‘ಉಪ್ಪು ಕಮ್ಮಿ ಮಾಡಿ, ದಿನಾ ವಾಕಿಂಗ್ ಮಾಡಿ.’ ಎಷ್ಟು ಹೊತ್ತು ನಡೆಯಬೇಕು, ಯಾವ ವೇಗದಲ್ಲಿ ನಡೆಯಬೇಕು, ಮಗ ಕಟ್ಟಿಸಿಕೊಟ್ಟ ಜಿಮ್ ಮೆಂಬರ್‌ಶಿಪ್ ಬಿಡಬೇಕೇ, ಇಷ್ಟು ವರ್ಷ ಹಾಕುತ್ತಿದ್ದ ಶೀರ್ಷಾಸನ ಇನ್ನು ಹಾಕಬಹುದೇ? ಹೊರಗೆ ಮೂವತ್ತು ಜನ ಕಾಯುತ್ತಿರುವಾಗ ಇವನ್ನೆಲ್ಲ ಕೇಳಲು ರೋಗಿಗೆ ಸಂಕೋಚ, ಹೇಳಲು ವೈದ್ಯರಿಗೆ ಸಮಯವಿಲ್ಲ. ಹೀಗಾಗಿ ಉತ್ತರಗಳು ವಾಟ್ಸ್‌ಆ್ಯಪ್‌ನಿಂದ, ಪಾರ್ಕಿನ ಬೆಂಚಿನಿಂದ, ಜಿಮ್ಮಿನ ಹುಡುಗನಿಂದ ಬರುತ್ತವೆ.

ಇಂಥ ಚೀಟಿ ಹಿಡಿದವರು, ಹಿಡಿಯಬೇಕಾದವರು ನಮ್ಮಲ್ಲಿ ಕಡಿಮೆಯಿಲ್ಲ. ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ 2023ರ ವರದಿಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಅದೇ ಸಮೀಕ್ಷೆಯ ಮೊದಲ ಹಂತದಲ್ಲಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಡದ ಜನ ಎಷ್ಟು ಮೈ ಅಲುಗಿಸುತ್ತಾರೆ ಎಂದು ನೋಡಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ನಿಷ್ಕ್ರಿಯರೆಂದು ಕಂಡುಬಂದಿತ್ತು. ಬಿಡುವಿನ ವೇಳೆಯಲ್ಲಿ ಆಟವನ್ನೋ ವ್ಯಾಯಾಮವನ್ನೋ ಮಾಡುವವರು ಶೇ 10ಕ್ಕಿಂತ ಕಡಿಮೆ.

ಕರ್ನಾಟಕದಲ್ಲಿ ಇದರ ಜೊತೆಗೆ ಭಯವೂ ಸೇರಿಕೊಂಡಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಆ ಬೆಳಿಗ್ಗೆ ಅವರು ವ್ಯಾಯಾಮ ಮಾಡಿದ್ದರು ಎಂಬ ಸುದ್ದಿ ಮನೆಮನೆಗೂ ಮುಟ್ಟಿತು. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲು ಬೆಳೆಯಿತು. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗಲೂ ಹೀಗೇ ಆಯಿತು. ತಪಾಸಣೆ ಮಾಡಿಸಿಕೊಂಡಿದ್ದು ಒಳ್ಳೆಯದೇ. ಆದರೆ ಆ ದಿನಗಳಿಂದ ‘ಬಿಪಿ ಇದ್ದವರು ಭಾರ ಮುಟ್ಟಬಾರದು, ಬೆವರು ಬರುವಂಥದ್ದು ಏನೂ ಮಾಡಬಾರದು’ ಎಂಬ ನಂಬಿಕೆ ಗಟ್ಟಿಯಾಯಿತು. ಈ ನಂಬಿಕೆಯಿಂದ ಆಗುತ್ತಿರುವ ನಷ್ಟ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ನಡಿಗೆ, ಓಟ, ಭಾರ ಎತ್ತುವುದು, ಅಲುಗದೆ ಹಿಡಿದು ನಿಲ್ಲುವುದು, ಉಸಿರಾಟ, ಇವೆಲ್ಲಕ್ಕೂ ರಕ್ತದೊತ್ತಡದ ಮೇಲೆ ಬೇರೆಬೇರೆ ಪರಿಣಾಮವಿದೆ. ಯಾವುದರಿಂದ ಏನಾಗುತ್ತದೆಂದು ತಿಳಿದವರು ಹೆದರಿ ಕೂರಬೇಕಾಗಿಲ್ಲ.

ಮೊದಲಿಗೆ ವ್ಯಾಯಾಮ ಮಾಡುತ್ತಿರುವಾಗ ಏನಾಗುತ್ತದೆ ನೋಡೋಣ. ಬಿರುಸಾಗಿ ನಡೆಯುವಾಗ ಕಾಲಿನ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಕು. ಹೃದಯ ಜೋರಾಗಿ ತಳ್ಳುತ್ತದೆ, ಮೇಲಿನ ಅಂಕಿ ಏರುತ್ತದೆ. ಕೂತಾಗ 130 ಇದ್ದವರಿಗೆ 150–160ರ ತನಕ ಹೋಗುವುದು ಸಹಜ. ಆದರೆ ಅದೇ ಹೊತ್ತಿಗೆ ಕಾಲಿನ ರಕ್ತನಾಳಗಳು ಅಗಲವಾಗಿ ತೆರೆದುಕೊಳ್ಳುವುದರಿಂದ ಕೆಳಗಿನ ಅಂಕಿ ಇದ್ದಲ್ಲೇ ಇರುತ್ತದೆ, ಕೆಲವೊಮ್ಮೆ ಸ್ವಲ್ಪ ಇಳಿಯುತ್ತದೆ ಕೂಡ. ಭಾರ ಹಿಡಿದು ಬಿಗಿದಾಗ ಹೀಗಾಗುವುದಿಲ್ಲ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಅದುಮುತ್ತದೆ. ನೀರು ಹರಿಯುತ್ತಿರುವ ಪೈಪನ್ನು ಕಾಲಲ್ಲಿ ಮೆಟ್ಟಿದಂತೆ. ಹೃದಯ ತಳ್ಳುತ್ತಿದೆ, ದಾರಿ ಕಿರಿದಾಗಿದೆ. ಆಗ ಮೇಲಿನದು, ಕೆಳಗಿನದು ಎರಡೂ ಅಂಕಿ ಒಟ್ಟಿಗೆ ಏರುತ್ತವೆ.

ಎಷ್ಟು ಏರಬಹುದು ಎಂಬುದಕ್ಕೆ 1985ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಪ್ರಯೋಗ ಸಾಕ್ಷಿ. ಐದು ಮಂದಿ ಅನುಭವಿ ದೇಹದಾರ್ಢ್ಯ ಪಟುಗಳ ತೋಳಿನ ಅಪಧಮನಿಯೊಳಗೆ ಸಣ್ಣ ನಳಿಕೆ ಇಟ್ಟು, ಅವರು ಎರಡೂ ಕಾಲಿನಿಂದ ಗರಿಷ್ಠ ಭಾರ ಒತ್ತುವಾಗ ರಕ್ತದೊತ್ತಡ ಅಳೆದರು. ಸರಾಸರಿ 320/250. ಒಬ್ಬರಲ್ಲಂತೂ 480/350 ದಾಟಿತು. ನಮ್ಮ ಮನೆಯ ಬಿಪಿ ಯಂತ್ರಕ್ಕೆ ಈ ಅಂಕಿ ತೋರಿಸುವ ಶಕ್ತಿಯೂ ಇಲ್ಲ. ಅವರು ಯುವಕರು, ಆರೋಗ್ಯವಂತರು, ಅದು ಕೆಲವೇ ಸೆಕೆಂಡುಗಳ ಏರಿಕೆ. ಹಾಗಾಗಿ ಏನೂ ಆಗಲಿಲ್ಲ.

ಅಷ್ಟೊಂದು ಏರಿಸಿದ್ದರಲ್ಲಿ ಭಾರದ ಪಾಲು ಎಷ್ಟಿತ್ತೋ ಉಸಿರಿನ ಪಾಲೂ ದೊಡ್ಡದಾಗಿತ್ತು. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆ ನೋಡಿದವರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. ಪೈಲ್ವಾನ ಕಲ್ಲಿಗೆ ಕೈ ಹಾಕುವ ಮುಂಚೆ ಉಸಿರೆಳೆದು ಬಿಗಿಹಿಡಿಯುತ್ತಾನೆ, ಮುಖ ಕೆಂಪಾಗುತ್ತದೆ, ಕತ್ತಿನ ನರ ಉಬ್ಬುತ್ತದೆ. ಗಂಟಲು ಮುಚ್ಚಿ ಎದೆಯೊಳಗಿನ ಗಾಳಿಯನ್ನು ಒತ್ತುವ ಈ ಕ್ರಿಯೆಯನ್ನು 1704ರಲ್ಲಿ ವರ್ಣಿಸಿದವನು ಇಟಲಿಯ ಅಂಗರಚನಾ ತಜ್ಞ ಅಂಟೋನಿಯೊ ವಾಲ್ಸಾಲ್ವ. ವೈದ್ಯರು ಇಂದಿಗೂ ಅವನ ಹೆಸರಿನಲ್ಲೇ ಕರೆಯುತ್ತಾರೆ. ಗ್ಯಾಸ್ ಸಿಲಿಂಡರ್ ಎತ್ತುವಾಗ, ಕೆಟ್ಟು ನಿಂತ ಕಾರು ತಳ್ಳುವಾಗ, ಮಲಬದ್ಧತೆಯಲ್ಲಿ ಮುಕ್ಕುವಾಗ ನಾವೆಲ್ಲ ಮಾಡುವುದು ಇದನ್ನೇ. ಬಿಪಿ ಹತೋಟಿಯಲ್ಲಿಲ್ಲದವರಿಗೆ, ಮೆದುಳಿನ ರಕ್ತನಾಳ ದುರ್ಬಲವಾಗಿರುವವರಿಗೆ ಆ ಕ್ಷಣ ಅಪಾಯದ್ದು. ಭಾರದ ಕುರಿತ ಹಳೆಯ ಎಚ್ಚರಿಕೆಗೆ ಬಲವಾದ ಕಾರಣವಿತ್ತು ಎಂದು ಒಪ್ಪಲೇಬೇಕು.

ಆದರೆ ಎತ್ತುವ ಕ್ಷಣದಲ್ಲಿ ಏರಿಸುವ ವ್ಯಾಯಾಮವೇ ವಾರಗಟ್ಟಲೆ ಮಾಡಿದರೆ ವಿಶ್ರಾಂತಿಯ ಬಿಪಿಯನ್ನು ಇಳಿಸುತ್ತದೆ. ಬ್ರಿಟನ್ನಿನ ಕ್ಯಾಂಟರ್ಬರಿ ಕ್ರೈಸ್ಟ್ ಚರ್ಚ್ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದಲ್ಲಿ 270 ಪ್ರಯೋಗಗಳ, ಒಟ್ಟು 15,827 ಮಂದಿಯ ಮಾಹಿತಿಯನ್ನು ಒಟ್ಟುಹಾಕಿ ಮಾಡಿದ ವಿಶ್ಲೇಷಣೆ 2023ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ನಡಿಗೆ, ಓಟ, ಸೈಕಲ್‌ನಂಥ ಏರೋಬಿಕ್ ವ್ಯಾಯಾಮ ಮೇಲಿನ ಅಂಕಿಯನ್ನು ಸರಾಸರಿ 4.5 ಮಿ.ಮೀ. ಇಳಿಸಿದರೆ, ಭಾರ ಎತ್ತಿ ಇಳಿಸುವ ವ್ಯಾಯಾಮವೂ ಹೆಚ್ಚುಕಡಿಮೆ ಅಷ್ಟೇ ಇಳಿಸಿತ್ತು. ಎರಡನ್ನೂ ಸೇರಿಸಿ ಮಾಡಿದವರಲ್ಲಿ ಇಳಿಕೆ 6. ಅಂದರೆ ‘ಭಾರ ಮುಟ್ಟಬೇಡಿ’ ಎಂಬ ಮಾತಿಗೆ ಈ ಅಂಕಿಗಳಲ್ಲಿ ಆಧಾರವಿಲ್ಲ. ಎಲ್ಲರಿಗೂ ಅಚ್ಚರಿ ತಂದದ್ದು ಇನ್ನೊಂದು ಬಗೆ: ಅಲುಗದೆ ಒಂದೇ ಭಂಗಿಯಲ್ಲಿ ಸ್ನಾಯು ಬಿಗಿಹಿಡಿದು ನಿಲ್ಲುವ ಐಸೊಮೆಟ್ರಿಕ್ ವ್ಯಾಯಾಮ. ಅದರಲ್ಲಿ ಮೇಲಿನ ಅಂಕಿ 8.2, ಕೆಳಗಿನದು 4 ಮಿ.ಮೀ. ಇಳಿದಿತ್ತು.

ನಾಲ್ಕು, ಆರು, ಎಂಟು ಮಿ.ಮೀ. ಎಂದರೆ ಏನು ಮಹಾ ಎನಿಸಬಹುದು. ಸುಮಾರು ಹತ್ತು ಲಕ್ಷ ಜನರ ಮಾಹಿತಿ ಸೇರಿಸಿ 2002ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಅಧ್ಯಯನ ಹೇಳಿದ್ದನ್ನು ಇಲ್ಲಿ ನೆನೆಯಬೇಕು. ನಡುವಯಸ್ಸಿನಲ್ಲಿ ಮೇಲಿನ ಅಂಕಿ ಬರೀ 2 ಮಿ.ಮೀ. ಕಡಿಮೆ ಇದ್ದರೂ ಪಾರ್ಶ್ವವಾಯುವಿನಿಂದ ಸಾಯುವ ಸಂಭವ ಸುಮಾರು ಶೇ 10, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಸುಮಾರು ಶೇ 7 ಕಡಿಮೆ ಎಂದು ಅವರು ಲೆಕ್ಕ ಹಾಕಿದ್ದರು. ಲಕ್ವ ಹೊಡೆದವರೊಬ್ಬರು ಮನೆಯಲ್ಲಿದ್ದರೆ ಈ ಅಂಕಿಯ ಬೆಲೆಯನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಲುಗದೆ ಹಿಡಿಯುವ ವ್ಯಾಯಾಮದ ಕಥೆ ಸ್ವಾರಸ್ಯದ್ದು. ಯುದ್ಧ ವಿಮಾನದ ಪೈಲಟ್‌ಗಳು ದಿಢೀರ್ ತಿರುವಿನಲ್ಲಿ ಪ್ರಜ್ಞೆ ತಪ್ಪದಂತೆ ಕೈಹಿಡಿ ಬಿಗಿಯುವ ಅಭ್ಯಾಸ ಮಾಡಿಸಿದರೆ ಅನುಕೂಲವಾದೀತೇ ಎಂದು ಅಮೆರಿಕದ ಶರೀರಕ್ರಿಯಾ ತಜ್ಞ ರೊನಾಲ್ಡ್ ವೈಲಿ ನೋಡುತ್ತಿದ್ದರು. ಅಭ್ಯಾಸ ಮಾಡಿದವರ ವಿಶ್ರಾಂತಿಯ ಬಿಪಿಯೇ ಇಳಿಯುತ್ತಿರುವುದು ಕಣ್ಣಿಗೆ ಬಿತ್ತು. 1992ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಜನರು ತಮ್ಮ ಗರಿಷ್ಠ ಬಲದ ಶೇ 30ರಷ್ಟನ್ನು ಮಾತ್ರ ಹಾಕಿ ಹಿಡಿಕೆಯೊಂದನ್ನು ಎರಡು ನಿಮಿಷ ಅದುಮಿ ಹಿಡಿಯುತ್ತಿದ್ದರು. ಸಲಕ್ಕೆ ನಾಲ್ಕು ಬಾರಿ, ವಾರಕ್ಕೆ ಮೂರು ದಿನ, ಎಂಟು ವಾರ. ಸ್ನಾಯು ಬಿಗಿದಷ್ಟು ಹೊತ್ತು ತಡೆದಿದ್ದ ರಕ್ತ, ಸಡಿಲಿಸಿದೊಡನೆ ಒಮ್ಮೆಲೇ ನುಗ್ಗುತ್ತದೆ. ಆ ರಭಸಕ್ಕೆ ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ನಾಳವನ್ನು ಸಡಿಲಗೊಳಿಸುತ್ತದೆ. ಮತ್ತೆ ಮತ್ತೆ ಹೀಗಾದಾಗ ನಾಳಗಳು ಮೆತ್ತಗಾಗುತ್ತವೆ, ಅವನ್ನು ಬಿಗಿಯುವ ನರಗಳ ಹಟವೂ ತಗ್ಗುತ್ತದೆ ಎಂಬುದು ಈಗಿನ ವಿವರಣೆ.

2023ರ ವಿಶ್ಲೇಷಣೆಯಲ್ಲಿ ಮೇಲಿನ ಅಂಕಿಗೆ ಅತ್ಯುತ್ತಮವೆಂದು ಕಂಡದ್ದು ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಿಲ್ಲದೆ ಕುರ್ಚಿಯ ಮೇಲೆ ಕೂತ ಹಾಗೆ ಕೂರುವ ಭಂಗಿ. ನಮ್ಮ ತಲೆಮಾರಿನವರನ್ನು ಮೇಷ್ಟ್ರು ಶಿಕ್ಷೆಗೆಂದು ಹೀಗೇ ಕೂರಿಸುತ್ತಿದ್ದರು. ಸಂಶೋಧನೆಗಳಲ್ಲಿ ಎರಡು ನಿಮಿಷ ಕೂತು, ಎರಡು ನಿಮಿಷ ಸುಧಾರಿಸಿಕೊಂಡು, ಹೀಗೆ ನಾಲ್ಕು ಸಲ, ವಾರಕ್ಕೆ ಮೂರು ದಿನ ಮಾಡಿಸುತ್ತಾರೆ. ಹೊಸಬರು ತೊಡೆಯನ್ನು ನೆಲಕ್ಕೆ ಸಮಾನಾಂತರವಾಗಿ ಇಳಿಸಲು ಹೋಗಬಾರದು. ಸ್ವಲ್ಪವೇ ಜಾರಿ, ಅರ್ಧ ನಿಮಿಷದಿಂದ ಶುರುಮಾಡಿ, ವಾರಗಳು ಕಳೆದಂತೆ ಕೆಳಗಿಳಿಯಬೇಕು. ಕೂತಷ್ಟು ಹೊತ್ತೂ ಉಸಿರು ಆಡುತ್ತಲೇ ಇರಬೇಕು. ಉಸಿರು ಕಟ್ಟುತ್ತಿದ್ದೇನೋ ಎಂಬ ಅನುಮಾನ ಬಂದರೆ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಿದರಾಯಿತು. ಎಣಿಸುವ ಬಾಯಿ ಉಸಿರು ಹಿಡಿಯಲಾರದು. ಮಂಡಿನೋವಿನವರಿಗೆ ಇದು ಬೇಡ, ಅವರು ಕೈಹಿಡಿಯ ವ್ಯಾಯಾಮವನ್ನೇ ಮಾಡಬಹುದು.

ಈ ಗೋಡೆಯ ವ್ಯಾಯಾಮದ ಬಗ್ಗೆ ನನಗೆ ವಿಶೇಷ ಪ್ರೀತಿ ಇರುವುದಕ್ಕೆ ಇನ್ನೊಂದು ಕಾರಣವಿದೆ. ‘ಬೆಳಿಗ್ಗೆ ಎದ್ದು ವಾಕಿಂಗ್ ಹೋಗಿ’ ಎನ್ನುವುದು ಸುಲಭ. ಬೆಳಿಗ್ಗೆ ಐದೂವರೆಗೆ ನೀರು ಹಿಡಿದು, ಮಕ್ಕಳ ಡಬ್ಬಿ ಕಟ್ಟಿ, ಏಳಕ್ಕೆ ಗಾರ್ಮೆಂಟ್ಸ್ ಬಸ್ ಹತ್ತುವ ಹೆಣ್ಣುಮಗಳು ಯಾವಾಗ ಹೋಗಬೇಕು? ಬೀದಿದೀಪವಿಲ್ಲದ, ನಾಯಿಗಳು ಅಟ್ಟಿಸಿಕೊಂಡು ಬರುವ, ‘ಇವಳೆಲ್ಲಿಗೆ ಹೊರಟಳು’ ಎಂದು ನಾಲ್ಕು ಕಣ್ಣು ನೋಡುವ ಊರಿನಲ್ಲಿ ಸಂಜೆ ಹೋಗುವುದಾದರೂ ಹೇಗೆ? ಅಂಥವರಿಗೆ ಮನೆಯ ಗೋಡೆ, ವಾರಕ್ಕೆ ಮೂರು ಸಲ ಹದಿನೈದು ನಿಮಿಷ ಎಂದರೆ ಕೈಗೆಟಕುವ ಮಾತು.

ಹಾಗೆಂದು ನಡಿಗೆ ಬಿಟ್ಟು ಗೋಡೆ ಹಿಡಿಯಿರಿ ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ಐಸೊಮೆಟ್ರಿಕ್ ಪ್ರಯೋಗಗಳು ಏರೋಬಿಕ್ ಪ್ರಯೋಗಗಳಿಗಿಂತ ಸಂಖ್ಯೆಯಲ್ಲಿ ಬಹಳ ಕಡಿಮೆ, ಹೆಚ್ಚಿನವು ಚಿಕ್ಕವು, ಕೆಲವು ವಾರಗಳವು. ಎಲ್ಲ ಬಗೆಗಳನ್ನೂ ಒಂದೇ ಗುಂಪಿನಲ್ಲಿ ಎದುರುಬದುರು ಇಟ್ಟು ಹೋಲಿಸಿದ್ದಲ್ಲ; ಬೇರೆಬೇರೆ ಪ್ರಯೋಗಗಳ ಫಲಿತಾಂಶಗಳನ್ನು ಲೆಕ್ಕಾಚಾರದಿಂದ ಹೋಲಿಸಿದ್ದು. ನಡಿಗೆಯಿಂದ ಬಿಪಿಯ ಜೊತೆಗೆ ಸಕ್ಕರೆ, ತೂಕ, ಹೃದಯದ ದಮ್ಮು, ನಿದ್ದೆ, ಮನಸ್ಸು ಎಲ್ಲಕ್ಕೂ ಸಿಗುವ ಲಾಭ ಗೋಡೆಯಿಂದ ಅಷ್ಟಾಗಿ ಸಿಗುವುದಿಲ್ಲ. ಯುರೋಪಿನ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ದಾರಿ ನನಗೆ ಸರಿ ಎನಿಸುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಬಿರುಸಿನ ಏರೋಬಿಕ್ ವ್ಯಾಯಾಮ, ಅದರ ಮೇಲೆ ವಾರಕ್ಕೆ ಎರಡು ಮೂರು ದಿನ ಹಗುರ ಅಥವಾ ಮಧ್ಯಮ ಮಟ್ಟದ ಭಾರ ಇಲ್ಲವೇ ಐಸೊಮೆಟ್ರಿಕ್.

ಜಿಮ್ಮಿಗೆ ಹೋಗುವವರಿಗೆ ಹಗುರ, ಮಧ್ಯಮ ಎಂದರೇನು ಎಂಬುದು ಸ್ಪಷ್ಟವಿರಲಿ. ಹನ್ನೆರಡು ಹದಿನೈದು ಸಲ ಸರಾಗವಾಗಿ ಎತ್ತಿ ಇಳಿಸಬಹುದಾದ ಭಾರ. ಕೊನೆಯ ಎರಡು ಸಲಕ್ಕೆ ಹಲ್ಲು ಕಚ್ಚಬೇಕಾಯಿತೆಂದರೆ ಅದು ನಿಮ್ಮ ಭಾರವಲ್ಲ. ಎತ್ತುವಾಗ ಉಸಿರು ಬಿಡುವುದು, ಇಳಿಸುವಾಗ ತೆಗೆದುಕೊಳ್ಳುವುದು. ಪಕ್ಕದ ಹುಡುಗ ಎಷ್ಟು ಎತ್ತುತ್ತಿದ್ದಾನೆ ಎಂಬುದು ನಿಮಗೆ ಸಂಬಂಧಿಸಿದ್ದಲ್ಲ. ಗರಡಿಮನೆಯ ಬಸ್ಕಿಯೂ ಸ್ವಂತ ಮೈಭಾರದ ವ್ಯಾಯಾಮವೇ; ಉಸಿರು ಕಟ್ಟದೆ ಮಾಡುವಷ್ಟಕ್ಕೆ ಅದೂ ಸಲ್ಲುತ್ತದೆ.

ಇನ್ನು ನಡಿಗೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ಲಾಲ್‌ಬಾಗಿನಲ್ಲಿ ಬೆಳಿಗ್ಗೆ ನೂರಾರು ಜನ ನಡೆಯುತ್ತಾರೆ. ಅವರಲ್ಲಿ ಅನೇಕರದು ರಾಜಕೀಯ ಮಾತಾಡುತ್ತಾ, ನಡುನಡುವೆ ನಿಂತು ವಾದಿಸುತ್ತಾ ಸಾಗುವ ನಡಿಗೆ. ಗೆಳೆತನಕ್ಕೆ ಅದು ಬೇಕು, ಬಿಪಿಗೆ ಸಾಲದು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದು ಸರಿಯಾದ ವೇಗ. ಒಂದು ಸಲ ಹಾಗೆ ಅರ್ಧ ಗಂಟೆ ನಡೆದುಬಂದರೆ ಅದಾದ ಮೇಲೆ ಬಿಪಿ 5–7 ಮಿ.ಮೀ.ನಷ್ಟು ಇಳಿದು, ಕೆಲವರಲ್ಲಿ 22 ಗಂಟೆಯ ತನಕವೂ ಹಾಗೇ ಇರುತ್ತದೆ. ಆದ್ದರಿಂದಲೇ ಭಾನುವಾರ ಒಂದೇ ದಿನ ಎರಡು ಗಂಟೆ ನಡೆಯುವುದಕ್ಕಿಂತ ದಿನಾ ಅರ್ಧ ಗಂಟೆ ನಡೆಯುವುದು ಬಿಪಿಗೆ ಹೆಚ್ಚು ಒಪ್ಪುತ್ತದೆ. ಇವತ್ತಿನ ಪರಿಣಾಮ ಕರಗುವ ಹೊತ್ತಿಗೆ ನಾಳಿನದು ಸೇರಿಕೊಳ್ಳುತ್ತದೆ. ಅರ್ಧ ಗಂಟೆಯನ್ನು ಹತ್ತತ್ತು ನಿಮಿಷಕ್ಕೆ ಒಡೆದರೂ ತೊಂದರೆಯಿಲ್ಲ.

ಮೂರು ಮಾತ್ರೆ ತೆಗೆದುಕೊಂಡರೂ ಹತೋಟಿಗೆ ಬಾರದ ಬಿಪಿ ಇರುವವರು ‘ನಮಗೆ ವ್ಯಾಯಾಮದಿಂದ ಏನಾದೀತು’ ಎಂದು ಕೈಚೆಲ್ಲುವುದುಂಟು. ಪೋರ್ಚುಗಲ್‌ನಲ್ಲಿ ಇಂಥ 60 ಮಂದಿಯ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗ ಅವರಿಗೆ ಧೈರ್ಯ ಕೊಡುವಂಥದ್ದು. ವಾರಕ್ಕೆ ಮೂರು ದಿನ, ಹನ್ನೆರಡು ವಾರ ಮಧ್ಯಮ ವೇಗದ ಏರೋಬಿಕ್ ವ್ಯಾಯಾಮ ಮಾಡಿದವರಲ್ಲಿ, ಮಾಡದವರಿಗೆ ಹೋಲಿಸಿದರೆ, ದಿನದ 24 ಗಂಟೆಯ ಸರಾಸರಿ ಬಿಪಿ 7.1/5.1 ಮಿ.ಮೀ. ಇಳಿದಿತ್ತು. ಮಾತ್ರೆಗಳು ಸೋತ ಕಡೆಯೂ ಕಾಲುಗಳು ಕೆಲಸ ಮಾಡಿದ್ದವು.

ಬಿರುಸಿನ ತುಂಡು ವ್ಯಾಯಾಮ, ಅಂದರೆ ಒಂದು ನಿಮಿಷ ದಮ್ಮು ಕಟ್ಟುವಷ್ಟು ಜೋರು, ಒಂದೆರಡು ನಿಮಿಷ ನಿಧಾನ ಎಂಬ ‘ಎಚ್‌ಐಐಟಿ’ ಈಗ ಚಾಲ್ತಿಯಲ್ಲಿದೆ. ಬಿಪಿ ಇಳಿಸುವುದರಲ್ಲಿ ಅದು ಸಾಮಾನ್ಯ ಏರೋಬಿಕ್‌ಗಿಂತ ಮುಂದೇನಿಲ್ಲ, ಸಮಯ ಮಾತ್ರ ಉಳಿಯುತ್ತದೆ. ಬಿಪಿ ಹತೋಟಿಯಲ್ಲಿದ್ದು, ಹೃದಯ ತಪಾಸಣೆ ಆಗಿದ್ದು, ಕೆಲವು ತಿಂಗಳು ನಡೆದು ಅಭ್ಯಾಸವಾದವರಿಗೆ ಸರಿ. ವರ್ಷಗಟ್ಟಲೆ ಕುರ್ಚಿ ಬಿಟ್ಟು ಏಳದವರು ಹೊಸ ವರ್ಷದ ಸಂಕಲ್ಪಕ್ಕೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಲು ಹೋಗಬಾರದು. ಆಫೀಸಿನ ಎರಡು ಮಹಡಿ ಹತ್ತಬಹುದು. ಐದು ದೇಶಗಳ 14,761 ಮಂದಿಗೆ ದಿನವಿಡೀ ಚಲನೆ ಅಳೆಯುವ ಸಾಧನ ಕಟ್ಟಿ ನಡೆಸಿದ, 2024ರಲ್ಲಿ ಬಂದ ಅಧ್ಯಯನದಲ್ಲಿ ಮೆಟ್ಟಿಲು ಹತ್ತುವಂಥ ಬಿರುಸಿನ ಚಟುವಟಿಕೆ ದಿನಕ್ಕೆ ಐದು ನಿಮಿಷ ಹೆಚ್ಚಿದ್ದವರಲ್ಲೂ ಬಿಪಿ ತುಸು ಕಡಿಮೆ ಇತ್ತು.

ಯೋಗದ ವಿಷಯದಲ್ಲಿ ನಮ್ಮಲ್ಲಿ ಅಭಿಮಾನ ಹೆಚ್ಚು, ವಿವರ ಕಡಿಮೆ. ಅಭಿಮಾನಪಡಲು ನಿಜವಾದ ಕಾರಣಗಳೇ ಇವೆ. ಮುಂಬೈಯ ಹೃದ್ರೋಗ ತಜ್ಞ ಡಾ. ಕೆ.ಕೆ. ದಾತೆ ಮತ್ತು ಸಂಗಡಿಗರು 1969ರಷ್ಟು ಹಿಂದೆಯೇ ಬಿಪಿ ಇದ್ದ 47 ಮಂದಿಗೆ ಶವಾಸನ ಕಲಿಸಿ, ಫಲಿತಾಂಶವನ್ನು ‘ಆ್ಯಂಜಿಯಾಲಜಿ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಆಮೇಲೆ ಲಂಡನ್ನಿನಲ್ಲಿ ಸಾಮಾನ್ಯ ವೈದ್ಯೆಯಾಗಿದ್ದ ಭಾರತೀಯ ಮೂಲದ ಡಾ. ಚಂದ್ರಾ ಪಟೇಲ್ ಅದನ್ನು ಇನ್ನೂ ಕಟ್ಟುನಿಟ್ಟಾಗಿ ಪರೀಕ್ಷಿಸಿದರು. 1975ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಅವರ ಪ್ರಯೋಗದಲ್ಲಿ 34 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶವಾಸನದಂಥ ವಿಶ್ರಾಂತಿ, ಉಸಿರಿನ ಗಮನ, ಬಯೊಫೀಡ್‌ಬ್ಯಾಕ್ ಕಲಿಸಲಾಯಿತು. ಅವರ ಸರಾಸರಿ ಬಿಪಿ 168/100ರಿಂದ 141/84ಕ್ಕೆ ಇಳಿಯಿತು. ಇನ್ನೊಂದು ಗುಂಪಿನದು 160/96ಕ್ಕೆ ಮಾತ್ರ ಇಳಿಯಿತು.

ಈ ಎರಡೂ ಪ್ರಯೋಗಗಳಲ್ಲಿ ಕೆಲಸ ಮಾಡಿದ್ದು ಮೈ ಬಳುಕಿಸುವ ಆಸನಗಳಲ್ಲ. ಮಲಗಿ, ಸಡಿಲಬಿಟ್ಟು, ನಿಧಾನವಾಗಿ ಉಸಿರಾಡಿದ್ದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2013ರಲ್ಲಿ ಔಷಧೇತರ ವಿಧಾನಗಳನ್ನು ತೂಗಿದಾಗ ಯೋಗವನ್ನು ಬಿಪಿಗೆಂದು ಶಿಫಾರಸು ಮಾಡಲು ಸಾಕ್ಷ್ಯ ಸಾಲದು ಎಂದಿತು. ಅದೇ ವರದಿ ಉಸಿರಿನ ವೇಗವನ್ನು ತಗ್ಗಿಸುವ ಯಂತ್ರದ ಸಹಾಯದ ನಿಧಾನ ಉಸಿರಾಟಕ್ಕೆ ಒಳ್ಳೆಯ ಅಂಕ ಕೊಟ್ಟಿತು. ಪ್ರಾಣಾಯಾಮ ಬಲ್ಲವರಿಗೆ ಯಂತ್ರದ ಅಗತ್ಯವಿಲ್ಲ. ನಿಮಿಷಕ್ಕೆ ಆರರಂತೆ, ತೆಗೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದವಾಗಿರುವಂತೆ, ಉಸಿರು ಕಟ್ಟದೆ ಹತ್ತು ಹದಿನೈದು ನಿಮಿಷ ಕೂತರೆ ಸಾಕು. ಇದು ನಡಿಗೆಯ ಜಾಗಕ್ಕೆ ಬರುವಂಥದ್ದಲ್ಲ, ಅದರ ಜೊತೆಗಿರಬೇಕಾದದ್ದು. ನಿಧಾನ ಚಲನೆಯನ್ನೂ ಉಸಿರನ್ನೂ ಹೊಸೆದ ವ್ಯಾಯಾಮವನ್ನು ಕೀಳಾಗಿ ಕಾಣಬೇಕಿಲ್ಲ ಎಂಬುದಕ್ಕೆ ಚೀನಾದ ತಾಯ್ ಚೀ ಉದಾಹರಣೆ. ಬಿಪಿ ಗಡಿಯಲ್ಲಿದ್ದ 342 ಮಂದಿಯ ಮೇಲೆ ಒಂದು ವರ್ಷ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತಾಯ್ ಚೀ ಮಾಡಿದವರ ಮೇಲಿನ ಅಂಕಿ 7, ಏರೋಬಿಕ್ ಮಾಡಿದವರದು 4.6 ಮಿ.ಮೀ. ಇಳಿಯಿತು.

ಯೋಗದಲ್ಲಿ ಬಿಡಬೇಕಾದವೂ ಇವೆ. ಹತೋಟಿಯಿಲ್ಲದ ಬಿಪಿಯವರಿಗೆ ಶೀರ್ಷಾಸನ, ಸರ್ವಾಂಗಾಸನ ಬೇಡ. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆಂದು ಚೆನ್ನೈನಲ್ಲಿ ಯೋಗಾಭ್ಯಾಸಿಗಳ ಮೇಲೆ ನಡೆದ ಅಧ್ಯಯನವೇ ತೋರಿಸಿದೆ. ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಉಸಿರಾಟ, ಉಸಿರು ತುಂಬಿ ಬಿಗಿಹಿಡಿಯುವ ಕುಂಭಕ ಇವೂ ಬೇಡ. ಒಳ್ಳೆಯ ಯೋಗ ಗುರುಗಳು ತರಗತಿಗೆ ಸೇರುವಾಗಲೇ ‘ಬಿಪಿ ಇದೆಯಾ ಅಮ್ಮಾ?’ ಎಂದು ಕೇಳುತ್ತಾರೆ. ಕೇಳದಿದ್ದರೆ ನೀವೇ ಹೇಳಿ.

‘ನಾನು ದಿನವಿಡೀ ಮೈಮುರಿದು ದುಡೀತೀನಿ ಸಾರ್, ನನಗ್ಯಾಕೆ ವ್ಯಾಯಾಮ?’ ಎಪಿಎಂಸಿ ಯಾರ್ಡಿನ ಹಮಾಲಿ, ಕಟ್ಟಡದ ಕೂಲಿ, ಗದ್ದೆಯಲ್ಲಿ ಬಗ್ಗಿ ದುಡಿಯುವ ಹೆಂಗಸು ಎಲ್ಲರೂ ಕೇಳುವ ಪ್ರಶ್ನೆಯಿದು. ಅವರಿಗೆ ಬಿಪಿ ಏಕೆ ಬಂತು ಎಂದು ಮನೆಯವರಿಗೆ ಆಶ್ಚರ್ಯ. ಇದಕ್ಕೆ ಪೂರ್ತಿ ಉತ್ತರ ಸರಳವಲ್ಲ. 1953ರಲ್ಲಿ ಲಂಡನ್ನಿನ ವೈದ್ಯ ಜೆರೆಮಿ ಮಾರಿಸ್ ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ, ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ ಎಂದು ತೋರಿಸಿದ್ದರು. ವ್ಯಾಯಾಮಕ್ಕೂ ಹೃದಯಕ್ಕೂ ಇರುವ ನಂಟಿನ ಆಧುನಿಕ ಅಧ್ಯಯನ ಅಲ್ಲಿಂದ ಶುರುವಾಯಿತೆನ್ನಬಹುದು. ಆದರೆ ಎಲ್ಲ ದುಡಿಮೆಯೂ ಕಂಡಕ್ಟರನ ದುಡಿಮೆಯಲ್ಲ. ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮೊದಲಾದವರು ತೋರಿಸಿಕೊಟ್ಟಂತೆ ಭಾರ ಹೊರುವ, ಬಿಡುವಿಲ್ಲದ, ತನ್ನ ವೇಗ ತನ್ನ ಕೈಯಲ್ಲಿಲ್ಲದ ಕೆಲಸ ಬಿಪಿಯನ್ನು ದಿನದ ಎಂಟು ಹತ್ತು ಗಂಟೆ ಮೇಲೆಯೇ ಹಿಡಿದಿಡುತ್ತದೆ. ಇಳಿಯಲು ಬೇಕಾದ ವಿರಾಮ ಸಿಗುವುದೇ ಇಲ್ಲ. ಸುಮಾರು 1.94 ಲಕ್ಷ ಮಂದಿಯ ಮಾಹಿತಿ ಸೇರಿಸಿದ 2018ರ ವಿಶ್ಲೇಷಣೆಯೊಂದರಲ್ಲಿ ಇಂಥ ಕಷ್ಟದ ದೈಹಿಕ ದುಡಿಮೆಯ ಗಂಡಸರಿಗೆ ಅಕಾಲ ಮರಣದ ಸಂಭವ ಶೇ 18ರಷ್ಟು ಹೆಚ್ಚಿತ್ತು. ಬಡತನ, ತಂಬಾಕು, ಅರೆನಿದ್ದೆಯ ಪಾಲೂ ಅದರಲ್ಲಿದೆ ಎಂಬ ತಕರಾರು ನ್ಯಾಯವಾದದ್ದು. ಏನೇ ಇರಲಿ, ಮೂಟೆ ಹೊರುವವನಿಗೆ ‘ಇನ್ನೂ ನಡಿ’ ಎನ್ನುವುದು ಅರ್ಥಹೀನ. ಅವನಿಗೆ ಬೇಕಿರುವುದು ಮೂಟೆಯ ತೂಕಕ್ಕೊಂದು ಮಿತಿ, ನಡುವೆ ಕೂರಲು ನೆರಳು, ಕುಡಿಯಲು ನೀರು, ತಿಂಗಳಿಗೊಮ್ಮೆ ಯಾರ್ಡಿನಲ್ಲೇ ಬಿಪಿ ತಪಾಸಣೆ. ಇದನ್ನು ಮಾಡಬೇಕಾದವರು ಮಾಲೀಕರು ಮತ್ತು ಸರ್ಕಾರ.

ಕೊನೆಯದಾಗಿ ಮಾತ್ರೆಗಳು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರ ನೇತೃತ್ವದಲ್ಲಿ 391 ಪ್ರಯೋಗಗಳನ್ನು ಒಟ್ಟುಹಾಕಿದ 2018ರ ವಿಶ್ಲೇಷಣೆ, ಬಿಪಿ ಹೆಚ್ಚಿದ್ದವರಲ್ಲಿ ವ್ಯಾಯಾಮವೂ ಹೆಚ್ಚುಕಡಿಮೆ ಮಾತ್ರೆಯಷ್ಟೇ ಇಳಿಸುತ್ತದೆ ಎಂದಾಗ ‘ಇನ್ನು ಮಾತ್ರೆ ಬೇಡ’ ಎಂಬ ಸಂದೇಶಗಳು ಹರಿದಾಡಿದವು. ಆ ಸಂಶೋಧಕರೇ ಮಾತ್ರೆ ಬಿಡಬೇಡಿ ಎಂದು ಎಚ್ಚರಿಸಿದ್ದು ಮಾತ್ರ ಯಾರೂ ಮುಂದಕ್ಕೆ ಕಳಿಸಲಿಲ್ಲ. ವ್ಯಾಯಾಮದ ಲಾಭ ಮಾಡುವಷ್ಟು ದಿನ ಮಾತ್ರ. ಮಳೆಗಾಲದಲ್ಲಿ ಒಂದೆರಡು ತಿಂಗಳು ನಿಲ್ಲಿಸಿದರೆ ಅಂಕಿ ಹಳೆಯ ಜಾಗಕ್ಕೆ ಬಂದು ಕೂರುತ್ತದೆ.

ಮಾತ್ರೆಗೂ ವ್ಯಾಯಾಮಕ್ಕೂ ನಂಟಿದೆ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥವು ನಾಡಿ ಏರದಂತೆ ತಡೆಯುತ್ತವೆ, ಆದ್ದರಿಂದ ಕೈಗಡಿಯಾರ ತೋರಿಸುವ ನಾಡಿಬಡಿತ ನೋಡಿ ವೇಗ ಹೆಚ್ಚಿಸಬಾರದು. ಮಾತಾಡಲು ಆಗುತ್ತದೋ ಇಲ್ಲವೋ ಎಂಬುದೇ ಆ ಮಾತ್ರೆಯವರಿಗೆ ಅಳತೆ. ಮೂತ್ರ ಹೆಚ್ಚಿಸುವ ಮಾತ್ರೆಯವರು ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ನಡೆದರೆ ನೀರಿನಂಶ ಸೋರಿ ತಲೆ ತಿರುಗಬಹುದು. ರಕ್ತನಾಳ ಹಿಗ್ಗಿಸುವ ಮಾತ್ರೆಯವರು ಜೋರಾಗಿ ನಡೆದು ಥಟ್ಟನೆ ನಿಂತರೆ ಬಿಪಿ ಕುಸಿದು ಕಣ್ಣು ಕತ್ತಲೆ ಬರುವುದುಂಟು. ಕೊನೆಯ ಐದು ನಿಮಿಷ ನಿಧಾನವಾಗಿ ನಡೆದು ನಿಲ್ಲಬೇಕು.

ಕೂತಾಗಲೇ ಮೇಲಿನ ಅಂಕಿ 180 ಅಥವಾ ಕೆಳಗಿನದು 110 ದಾಟಿದ್ದರೆ ಆ ದಿನ ವ್ಯಾಯಾಮ ಬೇಡ, ವೈದ್ಯರನ್ನು ಕಾಣಿ. ನಡೆಯುವಾಗ ಎದೆ ಹಿಂಡಿದರೆ, ದವಡೆಗೋ ಎಡಗೈಗೋ ನೋವು ಹರಿದರೆ, ಎಂದಿಲ್ಲದ ಏದುಸಿರು ಬಂದರೆ, ಮಾತು ತೊದಲಿದರೆ ‘ಗ್ಯಾಸ್ ಇರಬೇಕು’ ಎಂದು ಸಮಾಧಾನ ಮಾಡಿಕೊಳ್ಳದೆ ನಿಂತು 108ಕ್ಕೆ ಕರೆ ಮಾಡಿ. ವ್ಯಾಯಾಮದಿಂದ ಇಳಿದಿದೆಯೇ ಎಂದು ತಿಳಿಯಲು ಮನೆಗೆ ಬಂದ ಕೂಡಲೇ ಅಳೆಯಬಾರದು. ಬೆಳಿಗ್ಗೆ ಮಾತ್ರೆ ನುಂಗುವ ಮುಂಚೆ, ಕಾಫಿ ಕುಡಿಯುವ ಮುಂಚೆ, ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಎರಡು ಸಲ ಅಳೆದು ಬರೆದಿಡಿ. ರಾತ್ರಿ ಮಲಗುವ ಮುನ್ನವೂ ಹಾಗೇ. ಒಂದು ವಾರದ ಆ ಹಾಳೆಯನ್ನು ಮುಂದಿನ ಸಲ ವೈದ್ಯರ ಮುಂದಿಟ್ಟು, ನೀವು ಮಾಡುತ್ತಿರುವ ವ್ಯಾಯಾಮ ಯಾವುದು, ಎಷ್ಟು ಎಂದು ಹೇಳಿ. ಮಾತ್ರೆ ತಗ್ಗಿಸುವ ಮಾತಿದ್ದರೆ ಅದು ಅವರಿಂದಲೇ ಬರಲಿ.